ಬನವಾಸಿ ನಾಡು ಮತ್ತು ಅದರ ರಾಜಧಾನಿಗಳು: ಕೆರೆಗಳ ದೃಷ್ಟಿಯಿಂದ ಒಂದು ವಿಚಾರ

ಶಿಕಾರಿಪುರ-ಸೊರಬ ಸೀಮೆಗೆ ಸೇರಿದ ಅಂಬ್ಲಿಗೊಳದಲ್ಲಿ ಇಂದು ಒಂದು ಜಲಾಶಯವಿದೆ. ಅದು ನಮ್ಮ ಕಾಲದ ಎಂಜಿನಿಯರರ ಕೃತಿ; ಅದಕ್ಕೆ ಶಾಸನವಿಲ್ಲ, ಪ್ರಶಸ್ತಿಪದ್ಯಗಳೂ ಇಲ್ಲ. ಆದರೆ ಊರಿನ ಹೆಸರಿನ ಕೊನೆಯಲ್ಲಿರುವ 'ಗೊಳ' ಎಂಬುದು 'ಕೊಳ' ಶಬ್ದವೇ. ಬೆಳ್ಗೊಳದಲ್ಲಿ ಆದಂತೆ ಇಲ್ಲಿಯೂ ಸಮಾಸದಲ್ಲಿ ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿದೆ. ಜಲಾಶಯವು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಊರು ನೀರಿನಿಂದಲೇ ಹೆಸರು ಪಡೆದಿತ್ತೆಂಬುದು ಇದರಿಂದ ಸ್ಪಷ್ಟ. ಈ ಸಣ್ಣ ಸಂಗತಿಯನ್ನು ಮೊದಲಿಗೆ ಹೇಳಿದುದಕ್ಕೆ ಕಾರಣವಿದೆ. ಅಂಬ್ಲಿಗೊಳವು ಯಾವ ಪ್ರಾಚೀನ ನಾಡಿನ ಒಡಲಲ್ಲಿ ಇದೆಯೋ ಆ ಬನವಾಸಿ ನಾಡಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಅರಮನೆಯ ಕಡೆಯಿಂದ ಓದುತ್ತೇವೆ. ಅದನ್ನು ಒಮ್ಮೆ ಕೆರೆಯ ಏರಿಯ ಮೇಲೆ ನಿಂತು ಓದಿದರೆ ಏನು ಕಾಣುತ್ತದೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ನಮ್ಮ ಕಾಲೇಜುಗಳಲ್ಲಿ ಬನವಾಸಿಯೆಂದರೆ ಕದಂಬರು, ಕದಂಬರೆಂದರೆ ಮಯೂರಶರ್ಮ, ಅಲ್ಲಿಂದ ಮುಂದೆ ಅರಸರ ಹೆಸರುಗಳ ಒಂದು ಸಾಲು. ವಿದ್ಯಾರ್ಥಿಯು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾನೆ. ಕದಂಬರ ಮೂಲಶಾಖೆಯು ಆರನೆಯ ಶತಮಾನದಲ್ಲಿ ಬಾದಾಮಿಯ ಚಾಲುಕ್ಯರಿಗೆ ಅಧೀನವಾದೊಡನೆ ಬನವಾಸಿಯ ಕಥೆಯೂ ಮುಗಿಯಿತೆಂದು ಅವನು ಭಾವಿಸುವುದು ಸಹಜ. ಆದರೆ ಮುಗಿದದ್ದು ರಾಜಧಾನಿಯ ಕಥೆಯೇ ಹೊರತು ನಾಡಿನ ಕಥೆಯಲ್ಲ. ನಾಡಿನ ದೃಷ್ಟಿಯಿಂದ ಅತ್ಯಂತ ಸಮೃದ್ಧವಾದ ಕಾಲವು ಅನಂತರ ಬಂದದ್ದು. 'ಬನವಾಸಿ ಪನ್ನಿರ್ಚ್ಛಾಸಿರ' ಎಂಬ ಹೆಸರು ರಾಷ್ಟ್ರಕೂಟರ ಕಾಲದಿಂದ ವಿಜಯನಗರದ ಕಾಲದವರೆಗೆ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅರಸು ಮನೆತನಗಳು ಆರೇಳು ಬದಲಾದುವು. ರಾಜಧಾನಿಯಂತೂ ಒಂದೆಡೆ ನಿಲ್ಲಲೇ ಇಲ್ಲ. ನಾಡಿನ ಹೆಸರು ಮಾತ್ರ ನಿಂತಿತು. ಇದೇಕೆ ಹೀಗೆ?

ಉತ್ತರಕ್ಕಾಗಿ ಮೊದಲು ನೆಲವನ್ನು ನೋಡಬೇಕು. ಈ ನಾಡು ಪೂರ್ತಿ ಮಲೆನಾಡೂ ಅಲ್ಲ, ಬಯಲುನಾಡೂ ಅಲ್ಲ. ಎರಡರ ನಡುವಣ ಅಂಚು. ಪಶ್ಚಿಮದಲ್ಲಿ ಘಟ್ಟದ ದಟ್ಟ ಕಾಡು, ಪೂರ್ವದಲ್ಲಿ ಹಿರೇಕೆರೂರು-ಹಾನಗಲ್ಲುಗಳ ಕಡೆಗೆ ತೆರೆದುಕೊಳ್ಳುವ ಮೈದಾನ. ಸಾಗರದಿಂದ ಸೊರಬಕ್ಕೆ, ಸೊರಬದಿಂದ ಶಿಕಾರಿಪುರಕ್ಕೆ ಬಂದಂತೆಲ್ಲ ಮಳೆ ಇಳಿಯುತ್ತದೆ. ಇಕ್ಕೇರಿಯ ಸಮೀಪದ ವರದಾಮೂಲದಲ್ಲಿ ಹುಟ್ಟುವ ವರದಾ ನದಿಯು ಸೊರಬದ ಸೀಮೆಯನ್ನು ಹಾದು, ಬನವಾಸಿಯನ್ನು ಮೂರು ಕಡೆ ಬಳಸಿ, ಸೊರಬದ ಕಡೆಯ ದಂಡಾವತಿಯನ್ನು ಕೂಡಿಕೊಂಡು ಈಶಾನ್ಯಕ್ಕೆ ಹೋಗುತ್ತದೆ. ಶಿಕಾರಿಪುರದ ಕಡೆಯ ನೀರನ್ನು ಕುಮುದ್ವತಿಯು ಒಯ್ಯುತ್ತದೆ. ಇವೆರಡೂ ಕೊನೆಗೆ ತುಂಗಭದ್ರೆಯನ್ನು ಸೇರತಕ್ಕವು. ನಡುವಣ ನೆಲವೆಲ್ಲ ಕೆಂಪು ಜಂಬಿಟ್ಟಿಗೆಯ ತಗ್ಗು ದಿಣ್ಣೆಗಳು, ದಿಣ್ಣೆಗಳ ಸಂದಿನಲ್ಲಿ ಕಿರಿದಾದ ಕಣಿವೆಗಳು.

ಇಂಥ ನೆಲದಲ್ಲಿ ಮಳೆ ಧಾರಾಳವಾಗಿ ಸುರಿದರೂ ನಿಲ್ಲುವುದಿಲ್ಲ. ಮುಂಗಾರಿನಲ್ಲಿ ತುಂಬಿ ಹರಿಯುವ ಹಳ್ಳವು ಮಾಘ ಕಳೆಯುವುದರೊಳಗೆ ಒಣಗಿರುತ್ತದೆ. ಆದ್ದರಿಂದ ಇಲ್ಲಿನ ರೈತನು ಕಣಿವೆಯ ಬಾಯಿಗೆ ಮಣ್ಣಿನ ಏರಿ ಹಾಕಿ ನೀರನ್ನು ತಡೆದನು. ಏರಿಯ ಕೆಳಗೆ ಗದ್ದೆ, ಗದ್ದೆಯ ಅಂಚಿನಲ್ಲಿ ಅಡಕೆಯ ತೋಟ. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಅದರ ಕೆಳಗಿನದಕ್ಕೆ, ಹೀಗೆ ಒಂದೊಂದು ಕಣಿವೆಯಲ್ಲಿಯೂ ಕೆರೆಗಳು ಸಾಲುಗಟ್ಟಿದುವು. ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳಲ್ಲಿ ಇಂಥ ಕೆರೆಗಳು ನೂರಾರು ಇವೆ. ಊರಿಗೊಂದಲ್ಲ, ಊರಿಗೆ ಎರಡು ಮೂರು. ಸೊರಬದ ಕಡೆ ಕಣಿವೆಯ ತಲೆಯಲ್ಲಿ 'ಕಾನು' ಎಂಬ ನಿತ್ಯಹಸುರಿನ ತೋಪುಗಳನ್ನು ಜನರು ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದರು. ಕಾನು ಮಳೆಯ ನೀರನ್ನು ಹಿಡಿದು ಮೆಲ್ಲಗೆ ಕೆರೆಗೆ ಬಿಡುತ್ತದೆ. ಕಾನು, ಕೆರೆ, ಗದ್ದೆ, ತೋಟ ಈ ನಾಲ್ಕೂ ಸೇರಿ ಒಂದೇ ಯಂತ್ರವೆಂದು ಹೇಳಬಹುದು.

ಈಗ ಶಾಸನಗಳಿಗೆ ಬರೋಣ. ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ಒಂದು ನಾಗಶಿಲೆಯಿದೆ. ಅದರ ಮೇಲಣ ಪ್ರಾಕೃತ ಲೇಖವು ಚುಟುಕುಲದ ವಿಷ್ಣುಕಡ ಸಾತಕರ್ಣಿಯ ಆಳ್ವಿಕೆಯದು, ಕದಂಬರಿಗಿಂತ ಹಿಂದಿನದು. ಅರಸನ ಮಗಳೊಬ್ಬಳು ಮಾಡಿಸಿದ ಮೂರು ಕಾರ್ಯಗಳನ್ನು ಅದು ಹೇಳುತ್ತದೆ: ಒಂದು ನಾಗಪ್ರತಿಮೆ, ಒಂದು ಕೆರೆ, ಒಂದು ವಿಹಾರ. ನಾಗಶಿಲೆಯನ್ನು ಕಡೆದ ಶಿಲ್ಪಿ ನಟಕನು ಜಯಂತಿಪುರದ ದಾಮೋರಕನ ಶಿಷ್ಯನೆಂಬ ಮಾತೂ ಅಲ್ಲಿಯೇ ಇದೆ. ಜಯಂತಿಪುರವೆಂದರೆ ಬನವಾಸಿಯೇ.

ಎರಡನೆಯದು ಮಯೂರಶರ್ಮನ ಚಂದ್ರವಳ್ಳಿ ಶಾಸನ. ಇದು ಚಿತ್ರದುರ್ಗದ ಬಳಿಯದಾದರೂ ಕದಂಬವಂಶದ ಮೂಲಪುರುಷನದಾದುದರಿಂದ ಇಲ್ಲಿ ಪ್ರಸ್ತುತ. ಅವನು ಗೆದ್ದ ರಾಜರ ಪಟ್ಟಿ ಅದರಲ್ಲಿ ಇದೆಯೇ ಇಲ್ಲವೇ ಎಂಬ ವಿಷಯದಲ್ಲಿ ವಿದ್ವಾಂಸರು ಬಹಳ ಚರ್ಚೆ ಮಾಡಿದ್ದಾರೆ. 1929ರಲ್ಲಿ ಎಂ. ಎಚ್. ಕೃಷ್ಣರು ಓದಿದ ಪಾಠವನ್ನು ಮುಂದಿನವರು ಎಲ್ಲರೂ ಒಪ್ಪಲಿಲ್ಲ. ಆದರೆ ಈ ವಾದವಿವಾದದ ಧೂಳಿನಲ್ಲಿ ಒಂದು ಸರಳ ಸಂಗತಿ ಮರೆಯಾಗಿದೆ. ಆ ಶಾಸನವು ಹುಟ್ಟಿದ್ದೇ ಮಯೂರಶರ್ಮನು ಕಟ್ಟಿಸಿದ ಒಂದು ಕೆರೆಯನ್ನು ಹೇಳುವುದಕ್ಕಾಗಿ; ಆ ಮಾತಿನಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಮೂರನೆಯದು ಎಲ್ಲಕ್ಕಿಂತ ಪ್ರಸಿದ್ಧವಾದ ತಾಳಗುಂದದ ಸ್ತಂಭಶಾಸನ. ತಾಳಗುಂದವು ಶಿಕಾರಿಪುರ ತಾಲ್ಲೂಕಿನಲ್ಲಿ ಶಿರಾಳಕೊಪ್ಪದ ಸಮೀಪದಲ್ಲಿದೆ. ಪ್ರಾಚೀನ ಹೆಸರು ಸ್ಥಾನಕುಂದೂರು. ಪ್ರಣವೇಶ್ವರ ದೇವಾಲಯದ ಮುಂದಣ ಆ ಕಂಬವನ್ನು ಬಿ. ಎಲ್. ರೈಸ್ ಮಹಾಶಯರು ಬೆಳಕಿಗೆ ತಂದರು. ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದುದು, ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಕಲಹವಾದುದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದುದು, ಶ್ರೀಪರ್ವತದ ಅಡವಿಯನ್ನು ಆಶ್ರಯಿಸಿ ಪಲ್ಲವರನ್ನು ಕಾಡಿದುದು, ಕೊನೆಗೆ ಅವರಿಂದಲೇ ಪಟ್ಟ ಪಡೆದುದು, ಇದೆಲ್ಲವೂ ಕುಬ್ಜನೆಂಬ ಕವಿಯ ಸಂಸ್ಕೃತ ಪದ್ಯಗಳಿಂದ ನಮಗೆ ತಿಳಿದದ್ದು. ಈ ಕಥೆ ಎಷ್ಟು ರಮ್ಯವಾಗಿದೆಯೆಂದರೆ, ಓದುವವನು ಅಲ್ಲಿಯೇ ನಿಂತುಬಿಡುತ್ತಾನೆ; ಶಾಸನದ ಕೊನೆಯವರೆಗೆ ಹೋಗುವುದಿಲ್ಲ. ಕಂಬವನ್ನು ನಿಲ್ಲಿಸಿದ್ದು ಮಯೂರಶರ್ಮನ ಕಥೆಗಾಗಿ ಅಲ್ಲ. ಸಾತಕರ್ಣಿ ಮೊದಲಾದ ಅರಸರು ಪೂಜಿಸಿದ ಮಹಾದೇವನ ಆಲಯದ ಬಳಿ ಕಾಕುಸ್ಥವರ್ಮನು ಒಂದು ಕೆರೆಯನ್ನು ಮಾಡಿಸಿದನು. ಅವನ ಮಗ ಶಾಂತಿವರ್ಮನ ಆಜ್ಞೆಯಂತೆ ಕುಬ್ಜನು ಅದನ್ನು ಕಲ್ಲಿನ ಮೇಲೆ ಬರೆದನು. ಉಳಿದದ್ದೆಲ್ಲ ಪೀಠಿಕೆ. ಕದಂಬರ ಮೂಲಚರಿತ್ರೆಯೆಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದು ವಾಸ್ತವವಾಗಿ ಒಂದು ಕೆರೆಯ ಪೀಠಿಕೆ!

ಇವುಗಳ ಜೊತೆಗೆ ರವಿವರ್ಮನ ಗುಡ್ನಾಪುರದ ಶಾಸನವನ್ನೂ ಇಡಬೇಕು. ಬನವಾಸಿಗೆ ಹತ್ತಿರದ ಗುಡ್ನಾಪುರದಲ್ಲಿ ಸಿಕ್ಕಿದ ಈ ಸ್ತಂಭಲೇಖವು ಕದಂಬರ ವಂಶಾವಳಿಯೊಡನೆ ರವಿವರ್ಮನು ಕಟ್ಟಿಸಿದ ಕಾಮಜಿನಾಲಯವನ್ನು ಹೇಳುತ್ತದೆ. ಅದರಲ್ಲಿಯೂ ಗುಡ್ಡತಟಾಕವೆಂಬ ಕೆರೆಯ ಹೆಸರು ಬರುತ್ತದೆ. ಊರಿನ ಬಳಿ ಇಂದಿಗೂ ವಿಶಾಲವಾದ ಕೆರೆಯಿದೆ. ಬಿ. ಆರ್. ಗೋಪಾಲರು 1985ರಲ್ಲಿ ಪ್ರಕಟಿಸಿದ ಕದಂಬ ಶಾಸನಗಳ ಸಂಪುಟವನ್ನು ತೆರೆದವರಿಗೆ ಈ ಲೇಖಗಳನ್ನೆಲ್ಲ ಒಂದೆಡೆ ಹೋಲಿಸಿ ನೋಡುವ ಸೌಕರ್ಯವುಂಟು.

ಇಲ್ಲಿ ಒಂದು ಆಕ್ಷೇಪಣೆಯನ್ನು ನಿರೀಕ್ಷಿಸಬಹುದು. ಕೆರೆ ಕಟ್ಟಿಸುವುದು ಭಾರತದಲ್ಲೆಲ್ಲ ಪುಣ್ಯಕಾರ್ಯ. ಸಪ್ತಸಂತಾನಗಳಲ್ಲಿ ಅದೂ ಒಂದು. ಕ್ರಿ.ಶ. 150ರ ಸುಮಾರಿಗೇ ರುದ್ರದಾಮನು ಗಿರ್ನಾರದಲ್ಲಿ ಸುದರ್ಶನವೆಂಬ ಸರೋವರದ ಒಡೆದ ಕಟ್ಟೆಯನ್ನು ಕಟ್ಟಿಸಿ ಶಾಸನ ಬರೆಸಲಿಲ್ಲವೆ? ಹೀಗಿರುವಾಗ ಬನವಾಸಿಯ ಕೆರೆಗಳಲ್ಲಿ ವಿಶೇಷವೇನು? ಆಕ್ಷೇಪಣೆ ಸರಿಯಾದದ್ದೇ. ಒಂದು ಕೆರೆಯ ಶಾಸನದಿಂದ ಏನೂ ಸಿದ್ಧವಾಗುವುದಿಲ್ಲ. ಆದರೆ ಒಂದು ನಾಡಿನ ಅತ್ಯಂತ ಹಳೆಯ ಮುಖ್ಯ ಲೇಖಗಳಲ್ಲಿ ಕೆರೆಯು ಹೀಗೆ ಒಂದರ ಮೇಲೊಂದಾಗಿ ಬಂದರೆ ಅದನ್ನು ಕೇವಲ ಪುಣ್ಯದ ರೂಢಿಯೆಂದು ತಳ್ಳಿಹಾಕುವುದು ಕಷ್ಟ. ಮೇಲಾಗಿ ಮುಂದಿನ ಶತಮಾನಗಳ ಕನ್ನಡ ಶಾಸನಗಳು ಕೆರೆಯನ್ನು ಪುಣ್ಯದ ಭಾಷೆಯಲ್ಲಿ ಮಾತ್ರವಲ್ಲ, ವ್ಯವಹಾರದ ಭಾಷೆಯಲ್ಲಿಯೂ ಹೇಳುತ್ತವೆ. ಏರಿ, ತೂಬು, ಕೋಡಿ, ಕಾಲುವೆ, ಮತ್ತರು, ಕಮ್ಮ, ಕೆರೆಯನ್ನು ಕಟ್ಟಿದವನಿಗೋ ಕಾಯುವವನಿಗೋ ಬಿಡುತ್ತಿದ್ದ ಭೂಮಿ ಅಥವಾ ಬೆಳೆಯ ಪಾಲಿಗೆ 'ಬಿತ್ತುವಟ್ಟ' ಎಂಬ ಹೆಸರು. ದಾನದ ಎಲ್ಲೆಗಳನ್ನು ಹೇಳುವಾಗ 'ಕೆರೆಯ ಕೆಳಗೆ', 'ಕೋಡಿಯ ಬಡಗಲು' ಎಂಬಂಥ ಗುರುತುಗಳು ಸಾಮಾನ್ಯ. ಕೆರೆಯೇ ಅಲ್ಲಿನ ಭೂಮಾಪನದ ಕೀಲು.

ಹೀಗೆ ನಾಡು ಕೆರೆಯ ಮೇಲೆ ನಿಂತಿತೆಂದು ಇಟ್ಟುಕೊಂಡರೆ ರಾಜಧಾನಿಗಳ ಅಲೆದಾಟವು ಅರ್ಥವಾಗತೊಡಗುತ್ತದೆ. ಬನವಾಸಿ ಬಹು ಪ್ರಾಚೀನ ನಗರ. ಸಿಂಹಳದ ಮಹಾವಂಶವು ರಕ್ಖಿತನೆಂಬ ಥೇರನನ್ನು ವನವಾಸಕ್ಕೆ ಕಳುಹಿಸಿದರೆಂದು ಹೇಳುತ್ತದೆ. ಗ್ರೀಕ್ ಭೂಗೋಳಕಾರ ಟಾಲೆಮಿಗೂ ಆ ಹೆಸರು ತಿಳಿದಿತ್ತು. ಸಾತವಾಹನರ ಪುಳುಮಾವಿಯ ರಾಣಿಯ ಸ್ಮಾರಕಶಿಲೆ ಬನವಾಸಿಯಲ್ಲಿ ದೊರೆತಿದೆ. 634ರ ಐಹೊಳೆಯ ಶಾಸನದಲ್ಲಿ ಕವಿ ರವಿಕೀರ್ತಿಯು ಎರಡನೆಯ ಪುಲಕೇಶಿಯ ಮುತ್ತಿಗೆಯನ್ನು ವರ್ಣಿಸುವಾಗ ವರದೆಯ ಅಲೆಗಳ ಮೇಲಣ ಹಂಸಗಳ ಸಾಲನ್ನು ಆ ನಗರಿಯ ಡಾಬಾಗಿ ಕಂಡಿದ್ದಾನೆ. ನದಿಯ ತಿರುವಿನಲ್ಲಿ ಮೂರು ಕಡೆ ನೀರು, ಹಿಂದೆ ಕಾಡು: ತನ್ನ ಕಾಲಮೇಲೆ ತಾನು ನಿಂತ ಸ್ವತಂತ್ರ ಅರಸನಿಗೆ ಇದಕ್ಕಿಂತ ಒಳ್ಳೆಯ ನೆಲೆ ದುರ್ಲಭ.

ಆದರೆ ಸ್ವತಂತ್ರ ಅರಸನಿಗೆ ಒಪ್ಪುವ ನೆಲೆ ಪ್ರಾಂತಾಧಿಕಾರಿಗೆ ಒಪ್ಪಲೇಬೇಕೆಂದಿಲ್ಲ. ಚಕ್ರವರ್ತಿಯು ಮಾನ್ಯಖೇಟದಲ್ಲಿಯೋ ಕಲ್ಯಾಣದಲ್ಲಿಯೋ ಇರುವಾಗ ಅವನ ಅಧಿಕಾರಿಯ ಮುಖ ಈಶಾನ್ಯದ ಕಡೆಗೆ ಇರಬೇಕು. ತೆರಿಗೆ ಕೂಡುವ ಮತ್ತು ಸಾಗುವ ಹಾದಿಯ ಮೇಲೆ ಅವನು ಕುಳಿತಿರಬೇಕು. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯನು ಬನವಾಸಿ ನಾಡನ್ನು ಆಳಿದಾಗ ಬಂಕಾಪುರವು ತಲೆಯೆತ್ತಿತು. ಅವನ ಮಗ ಲೋಕಾದಿತ್ಯನು ಅಲ್ಲಿಂದಲೇ ಆಳುತ್ತಿದ್ದ ಕಾಲದಲ್ಲಿ, ಒಂಬತ್ತನೆಯ ಶತಮಾನದ ಕೊನೆಗೆ, ಗುಣಭದ್ರಾಚಾರ್ಯರ ಉತ್ತರಪುರಾಣದ ಪೂಜೆ ನಡೆಯಿತು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಆ ಪದವಿಯು ಬಳ್ಳಿಗಾವೆಗೆ ಬಂತು. 1019ರಲ್ಲಿ ಕುಂದರಾಜನು ಅಲ್ಲಿಂದ ಆಳುತ್ತಿದ್ದನು. ಶಾಸನಗಳು ಅದನ್ನು 'ರಾಜಧಾನಿ' ಎಂದೇ ಕರೆಯುತ್ತವೆ. ವಿಜಯನಗರದ ಆರಂಭಕಾಲದಲ್ಲಿ, 1347ರಲ್ಲಿ, ಮೊದಲನೆಯ ಹರಿಹರನ ತಮ್ಮ ಮಾರಪ್ಪನು ಚಂದ್ರಗುತ್ತಿಯ ದುರ್ಗದಲ್ಲಿದ್ದನು. ಬನವಾಸಿ, ಬಂಕಾಪುರ, ಬಳ್ಳಿಗಾವೆ, ಚಂದ್ರಗುತ್ತಿ: ನದಿಯ ನಗರ, ಬಯಲಿನ ಪಟ್ಟಣ, ಕೆರೆಯ ಪಟ್ಟಣ, ಬೆಟ್ಟದ ಕೋಟೆ. ಒಂದೊಂದು ಕಾಲದ ಅಗತ್ಯಕ್ಕೆ ತಕ್ಕಂತೆ ಆಳುವವನು ನೆಲೆ ಬದಲಿಸಿದನು. ಆಳಿಸಿಕೊಂಡ ನಾಡು ಕದಲಲಿಲ್ಲ.

ಇವುಗಳಲ್ಲಿ ಬಳ್ಳಿಗಾವೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಇಂದು ಅದು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಅಲ್ಲಿ ಪಟ್ಟಣಸ್ವಾಮಿಗಳೂ ನಾನಾದೇಸಿ ವರ್ತಕರೂ ಇದ್ದರು. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳ ಅಧಿಕಾರಿಗಳು ತಮ್ಮ ವಸೂಲಿನ ಒಂದು ಪಾಲನ್ನು ದೇವಾಲಯಗಳಿಗೆ ಬಿಟ್ಟುಕೊಟ್ಟಿದ್ದಾರೆ. ಮಲೆನಾಡಿನ ಅಡಕೆ ಮೆಣಸುಗಳು ಬಯಲಿಗೆ ಇಳಿಯುವ, ಬಯಲಿನ ಸರಕು ಮಲೆಗೆ ಏರುವ ಹೊಸ್ತಿಲಿನಂಥ ಸ್ಥಳ ಅದು. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರ ಮಠಗಳೂ ಅಲ್ಲಿದ್ದುವೆಂದು ಶಾಸನವು ಅಭಿಮಾನದಿಂದ ಹೇಳಿಕೊಳ್ಳುತ್ತದೆ. ದಂಡನಾಯಕ ರೂಪಭಟ್ಟಯ್ಯನು 1065ರಲ್ಲಿ ಅಲ್ಲಿ ಒಂದು ಬೌದ್ಧವಿಹಾರವನ್ನು ಕಟ್ಟಿಸಿದನು. ಕರ್ಣಾಟಕದಲ್ಲಿ ಬೌದ್ಧಮತವು ಬಹುಮಟ್ಟಿಗೆ ಅಡಗಿಹೋಗಿದ್ದ ಕಾಲದಲ್ಲಿ ಇದು ಗಮನಾರ್ಹವಾದ ಸಂಗತಿ. ಚಾವುಂಡರಾಯರಸನು 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬವು ಈಗಲೂ ನಿಂತಿದೆ.

ಈ ಊರಿನ ಕಾಳಾಮುಖ ಶೈವರ ವಿದ್ಯಾಕೇಂದ್ರಕ್ಕೆ 'ಕೋಡಿಯ ಮಠ'ವೆಂದು ಹೆಸರು. ವಿದ್ಯಾರ್ಥಿಗಳು ಇದನ್ನು ಒಂದು ಅಂಕಿತನಾಮವೆಂದು ಓದಿಕೊಂಡು ಮುಂದೆ ಹೋಗುತ್ತಾರೆ. ಆದರೆ ಕೋಡಿಯೆಂದರೆ ಕೆರೆಯ ಕೋಡಿ. ಕೆರೆಯ ಹೆಚ್ಚಿನ ನೀರು ಹರಿದುಹೋಗುವ ಸ್ಥಳದಲ್ಲಿ ಆ ಮಠವಿತ್ತು. ದಕ್ಷಿಣಕೇದಾರವೆಂದು ಹೊಗಳಿಸಿಕೊಂಡ ಕೇದಾರೇಶ್ವರನ ತ್ರಿಕೂಟ ದೇವಾಲಯವೂ ಕೆರೆಯ ಪಕ್ಕದಲ್ಲಿಯೇ ಇದೆ. 1162ರ ಶಾಸನವು ಆ ಮಠದಲ್ಲಿ ನಡೆಯುತ್ತಿದ್ದ ಪಾಠಗಳನ್ನು ಎಣಿಸುತ್ತದೆ: ಸಾಂಗವಾದ ನಾಲ್ಕು ವೇದಗಳು, ಪಾಣಿನಿ ಶಾಕಟಾಯನಾದಿ ವ್ಯಾಕರಣಗಳು, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯಗಳೊಡನೆ ಬೌದ್ಧದರ್ಶನ, ಲಾಕುಲ ಸಿದ್ಧಾಂತ, ಯೋಗ, ಪುರಾಣ, ಕಾವ್ಯನಾಟಕಗಳು. ಅಲ್ಲಿಗೇ ನಿಲ್ಲದೆ, ದೀನರಿಗೆ ಅನ್ನ, ರೋಗಿಗಳಿಗೆ ಔಷಧ, ಭೀತರಿಗೆ ಅಭಯ ಅಲ್ಲಿ ದೊರೆಯುತ್ತಿದ್ದುವೆಂದೂ ಹೇಳುತ್ತದೆ. ಶಾಸನಕವಿಗಳ ಉತ್ಪ್ರೇಕ್ಷೆಗೆ ಒಂದಿಷ್ಟು ಕಳೆದುಕೊಂಡರೂ ಇಷ್ಟು ಬಾಯಿಗಳಿಗೆ ಅನ್ನವಿಕ್ಕಬೇಕಾದರೆ ಅಕ್ಕಿ ಬೇಕು. ಅಕ್ಕಿಗೆ ಗದ್ದೆ, ಗದ್ದೆಗೆ ಕೆರೆ. ನೆರೆಯ ತಾಳಗುಂದದ ಅಗ್ರಹಾರದಲ್ಲಿ ಹನ್ನೆರಡನೆಯ ಶತಮಾನದಲ್ಲಿ ವೇದಶಾಸ್ತ್ರಗಳ ಉಪಾಧ್ಯಾಯರ ಜೊತೆಗೆ ಕನ್ನಡದ ಅಕ್ಷರ ಕಲಿಸುವವನಿಗೂ ಜೀವನಾಂಶದ ಏರ್ಪಾಡಿತ್ತು. ಕನ್ನಡ ಅಧ್ಯಾಪಕನಿಗೆ ಭೂಮಿಯಿಂದ ಬಂದ ಸಂಬಳದ ಈ ಸುದ್ದಿ ನಮ್ಮ ವೃತ್ತಿಯವರಿಗೆ ಸ್ವಲ್ಪ ಹೆಮ್ಮೆ ತರತಕ್ಕದ್ದು.

ಅದೇ ತಾಳಗುಂದದಲ್ಲಿ ಪ್ರಾಕ್ತನ ಇಲಾಖೆಯವರು 2013ರಲ್ಲಿ ನಡೆಸಿದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲೆ ಸಂಸ್ಕೃತ-ಕನ್ನಡ ದ್ವಿಭಾಷಾ ಲೇಖವೊಂದು ಸಿಕ್ಕಿತು. ಅದನ್ನು ಕ್ರಿ.ಶ. 370ರ ಸುಮಾರಿನದೆಂದು ನಿರ್ಣಯಿಸಿ ಹಲ್ಮಿಡಿಗಿಂತ ಹಳೆಯದೆಂದು ಹೇಳಿದ್ದಾರೆ. ಲಿಪಿಯ ಆಧಾರದಿಂದ ಕಾಲವನ್ನು ಇಷ್ಟು ಖಚಿತವಾಗಿ ಹೇಳಬಹುದೇ ಎಂಬ ಚರ್ಚೆ ಉಂಟು. ನಮ್ಮ ಪ್ರಕೃತ ವಿಷಯಕ್ಕೆ ಬೇಕಾದದ್ದು ಇಷ್ಟೇ: ಕನ್ನಡವು ಕಲ್ಲಿನ ಮೇಲೆ ಕಾಣಿಸಿಕೊಂಡ ಮೊದಲ ಸ್ಥಳಗಳಲ್ಲಿ ಒಂದು ರಾಜಧಾನಿಯಾದ ಬನವಾಸಿಯಲ್ಲ, ನಾಡಿನ ನಡುವಣ ಒಂದು ದೇವಾಲಯ.

ನಾಡಿನ ಒಳಗೆ ಇಳಿದಷ್ಟೂ ಜೀವಂತವಾದ ಚಿತ್ರಗಳು ಎದುರಾಗುತ್ತವೆ. ಬನವಾಸಿ ಪನ್ನಿರ್ಚ್ಛಾಸಿರದಲ್ಲಿ ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು, ಎಡೆನಾಡು ಎಪ್ಪತ್ತು ಮೊದಲಾದ ಕಿರುನಾಡುಗಳಿದ್ದುವು. 'ಹನ್ನೆರಡು ಸಾವಿರ' ಎಂಬುದು ಹಳ್ಳಿಗಳ ಸಂಖ್ಯೆಯೋ ಆದಾಯದ ಪ್ರಮಾಣವೋ ಎಂಬುದು ಬಹುಕಾಲದ ವಿವಾದ; ಎಪ್ಪತ್ತರಂಥ ಸಣ್ಣ ಸಂಖ್ಯೆಗಳಾದರೋ ಹಳ್ಳಿಗಳನ್ನೇ ಸೂಚಿಸುವಂತೆ ತೋರುತ್ತದೆ. ನಾಗರಖಂಡದ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಸತ್ತಾಗ ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲದಲ್ಲಿ ಆ ಅಧಿಕಾರವು ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಕೆ ಸಮರ್ಥವಾಗಿ ಆಳಿ, ರೋಗಪೀಡಿತಳಾದಾಗ ಮಗಳಿಗೆ ಅಧಿಕಾರವನ್ನು ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ವ್ರತವಿಡಿದು ದೇಹಬಿಟ್ಟಳು. ಹತ್ತನೆಯ ಶತಮಾನದ ಆರಂಭದಲ್ಲಿ ಹೆಂಗಸೊಬ್ಬಳು ನಾಡಿನ ಆಡಳಿತ ನಡೆಸಿದಳೆಂದು ಹೇಳುವಾಗ ಶಾಸನದ ಧ್ವನಿಯಲ್ಲಿ ಆಶ್ಚರ್ಯವಿಲ್ಲ, ಮೆಚ್ಚಿಕೆ ಮಾತ್ರ ಇದೆ. ಬಂದಣಿಕೆಯೇ ಇಂದಿನ ಬಂದಳಿಕೆ. ಅದರ ಹಾಳು ಗುಡಿಗಳು ಶಿಕಾರಿಪುರ ತಾಲ್ಲೂಕಿನ ಕಾಡಿನಲ್ಲಿವೆ.

ಬಳ್ಳಿಗಾವೆಯು ಅಲ್ಲಮಪ್ರಭುವಿನ ಊರು. ಹರಿಹರನು ಅವನನ್ನು ಮದ್ದಳೆಗಾರನಾಗಿ ಚಿತ್ರಿಸಿದ್ದಾನೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನದು. ಏಕಾಂತದ ರಾಮಯ್ಯನ ಶಾಸನವಿರುವ ಅಬ್ಬಲೂರು ಕೂಡ ದೂರವಿಲ್ಲ. ವಚನಚಳವಳಿಯ ಎಲ್ಲ ಬೆಳಕನ್ನೂ ಕಲ್ಯಾಣದ ಮೇಲೆ ಬಿಡುವ ನಮ್ಮ ಅಭ್ಯಾಸಕ್ಕೆ ಇವು ಸಣ್ಣ ತಿದ್ದುಪಡಿಗಳು. ಅಲ್ಲಮನೂ ಅಕ್ಕನೂ ಕಲ್ಯಾಣಕ್ಕೆ ಹೋದವರು, ಹುಟ್ಟಿದವರಲ್ಲ. ಐದು ಮತಗಳ ಮಠಗಳಿದ್ದ, ವಾದಕ್ಕೂ ಪಾಠಕ್ಕೂ ಅನ್ನಕ್ಕೂ ಕೊರತೆಯಿಲ್ಲದ ಈ ಸೀಮೆಯಲ್ಲಿ ಹುಟ್ಟಿದವರು.

ಪಂಪನ ಮಾತನ್ನೂ ಇಲ್ಲಿ ನೆನೆಯಬೇಕು. ಅವನು 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ರಚಿಸಿದಾಗ ಅವನ ಆಶ್ರಯದಾತನಾದ ಅರಿಕೇಸರಿಯು ತೆಲುಗು ನೆಲದ ವೇಮುಲವಾಡದಲ್ಲಿದ್ದನು. ಅಷ್ಟು ದೂರದಿಂದ, ಅರ್ಜುನನ ತೀರ್ಥಯಾತ್ರೆಯ ನೆಪದಲ್ಲಿ, ಅವನು ಬನವಾಸಿ ದೇಶವನ್ನು ಹಾಡಿಹೊಗಳಿದನು. ಆ ಪದ್ಯಗಳು ಕನ್ನಡಿಗರಿಗೆಲ್ಲ ಕಂಠಸ್ಥವಾದುದರಿಂದ ಇಲ್ಲಿ ಉದಾಹರಿಸುವ ಅಗತ್ಯವಿಲ್ಲ. ಗಮನಿಸಬೇಕಾದದ್ದು ಏನೆಂದರೆ, ಅಲ್ಲಿ ಕೋಟೆಯಿಲ್ಲ, ಅರಸನ ಓಲಗವಿಲ್ಲ. ಇರುವುದೆಲ್ಲ ನಂದನವನ, ಕೋಗಿಲೆ, ತೆಂಕಣ ಗಾಳಿ, ರಸಿಕರ ಗೋಷ್ಠಿ. ಕವಿಗೆ ಬೇಕಾದದ್ದು ದೇಶ, ರಾಜಧಾನಿಯಲ್ಲ.

ನೆರೆಯ ಸಿಂಹಳದ ಚರಿತ್ರೆಯೊಡನೆ ಹೋಲಿಸಿದರೆ ಈ ನಾಡಿನ ಒಂದು ಗುಣ ಹೆಚ್ಚು ಸ್ಪಷ್ಟವಾಗುತ್ತದೆ. ಅನುರಾಧಪುರದ ಅರಸರು ಬೃಹತ್ತಾದ ಕೆರೆಗಳನ್ನು ಕಟ್ಟಿಸಿದರು. ಹತ್ತನೆಯ ಶತಮಾನದ ಕೊನೆಗೆ ಚೋಳರ ದಾಳಿಯಾದ ಮೇಲೆ ರಾಜಧಾನಿ ಪೊಲನ್ನರುವಕ್ಕೆ ಹೋಯಿತು. ಅಲ್ಲಿಯೂ ಪರಾಕ್ರಮಬಾಹುವಿನ ಸಮುದ್ರದಂಥ ಜಲಾಶಯ ಎದ್ದಿತು. ಹದಿಮೂರನೆಯ ಶತಮಾನದಲ್ಲಿ ರಾಜಸತ್ತೆ ನೈರುತ್ಯಕ್ಕೆ ಸರಿದಾಗ ಆ ದೊಡ್ಡ ಕೆರೆಗಳು ಒಡೆದು ಹಾಳಾಗಿ ಅಡವಿಯಾದುವು. ರಾಜಧಾನಿಯು ಕೆರೆಯನ್ನು ಸಾಕಿತ್ತು. ಅದು ಹೋದಾಗ ಕೆರೆಯೂ ಹೋಯಿತು. ಬನವಾಸಿ ನಾಡಿನಲ್ಲಿ ಹಾಗಾಗಲಿಲ್ಲ. ಮಸೂರಿನ ಮದಗದಂಥ ಒಂದೆರಡು ದೊಡ್ಡ ಕಟ್ಟೆಗಳನ್ನು ಬಿಟ್ಟರೆ ಇಲ್ಲಿನ ಕೆರೆಗಳು ಚಿಕ್ಕವು. ಒಂದು ಊರಿನ ಜನ ಹೂಳೆತ್ತಿ ಏರಿ ಕಟ್ಟಿ ಕಾಪಾಡಬಹುದಾದಷ್ಟು ಚಿಕ್ಕವು. ಬಳ್ಳಿಗಾವೆ ಪಾಳುಬಿದ್ದಾಗಲೂ ಅದರ ಸುತ್ತಣ ಹಳ್ಳಿಗಳು ಗದ್ದೆ ಬೆಳೆದುವು. ಮುಂದೆ ಕೆಳದಿಯ ಶಿವಪ್ಪನಾಯಕನು ತನ್ನ 'ಶಿಸ್ತು' ಎಂಬ ಭೂಕಂದಾಯದ ವ್ಯವಸ್ಥೆಯನ್ನು ಮಾಡಿದಾಗ ಎಣಿಸುವುದಕ್ಕೆ ಗದ್ದೆಯೂ ತೋಟವೂ ಇದ್ದುವು.

ನಾಡಿಗೆ ನಿಜವಾದ ಪೆಟ್ಟು ಬಿದ್ದದ್ದು ಅರಸರ ಕಾಲದಲ್ಲಿ ಅಲ್ಲ, ನಕಾಶೆಯ ಕಾಲದಲ್ಲಿ. 1799ರ ಅನಂತರದ ವಿಭಜನೆಯಲ್ಲಿ ಸೊರಬ ಶಿಕಾರಿಪುರಗಳು ಮೈಸೂರಿಗೆ ಸೇರಿದುವು; ಬನವಾಸಿಯು ಕನ್ನಡ ಜಿಲ್ಲೆಯೊಡನೆ ಮದರಾಸಿಗೂ, 1862ರಲ್ಲಿ ಮುಂಬಯಿಗೂ ಹೋಯಿತು; ಹಾನಗಲ್ಲು, ಬಂಕಾಪುರಗಳು ಧಾರವಾಡ ಜಿಲ್ಲೆಯವಾದುವು. ಹೀಗೆ 1956ರವರೆಗೆ ನಾಡು ಒಂದು ಸರ್ಕಾರದಲ್ಲಿ, ಅದರ ಮೂಲ ರಾಜಧಾನಿ ಇನ್ನೊಂದರಲ್ಲಿ ಇದ್ದುವು. ವಿದ್ವತ್ತಿಗೂ ಈ ಗಡಿ ಅಂಟಿಕೊಂಡಿತು. ರೈಸರ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟ (1902) ಶಿಕಾರಿಪುರದ, ಎಂಟನೆಯ ಸಂಪುಟ (1904) ಸೊರಬದ ನೂರಾರು ಶಾಸನಗಳನ್ನು ಅಚ್ಚುಮಾಡಿದುವು. ಮೈಸೂರಿನ ಗಡಿಯಾಚೆಗಿದ್ದ ಬನವಾಸಿ ಅವುಗಳಲ್ಲಿಲ್ಲ. ಗಡಿಯಾಚೆಯದನ್ನು ಫ್ಲೀಟ್ ಮೊದಲಾದವರು ಬೇರೆ ಕಡೆ ಪ್ರಕಟಿಸಿದರು. ಫ್ಲೀಟರ ಪ್ರಸಿದ್ಧ ಗ್ರಂಥವು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತದ್ದು. ರಾಜಧಾನಿಯನ್ನು ಓದಿದವರು ನಾಡನ್ನು ಪೂರ್ತಿ ನೋಡಲಿಲ್ಲ, ನಾಡನ್ನು ಓದಿದವರ ಕೈಯಲ್ಲಿ ರಾಜಧಾನಿಯಿರಲಿಲ್ಲ. 1931ರಲ್ಲಿ ಮೊರೆಯಸರು ಕದಂಬಕುಲದ ಚರಿತ್ರೆಯನ್ನು ಬರೆದಾಗ ಎರಡು ಕಡೆಯ ಸಾಮಗ್ರಿಯೂ ಕೂಡಿತು. ಆದರೆ ಅದು ಕುಲದ ಚರಿತ್ರೆಯೇ ಹೊರತು ನಾಡಿನದಲ್ಲ.

ನಾಡಿನ ಚರಿತ್ರೆಯನ್ನು ಬರೆಯುವ ಕೆಲಸ ಎಲ್ಲಿಂದ ಆರಂಭವಾಗಬೇಕೆಂದು ಕೇಳುವ ವಿದ್ಯಾರ್ಥಿಗಳಿಗೆ ಒಂದು ಸೂಚನೆ ಕೊಡಬಹುದು. ರೈಸರ ಸಂಪುಟಗಳಲ್ಲಿ ಪ್ರತಿಯೊಂದು ಶಾಸನದ ತಲೆಯಲ್ಲಿಯೂ ಕಲ್ಲು ಇದ್ದ ಸ್ಥಳವನ್ನು ಒಂದು ಸಾಲಿನಲ್ಲಿ ಹೇಳಿದೆ: ಇಂಥ ಗುಡಿಯ ಮುಂದೆ, ಇಂಥ ಕೆರೆಯ ಏರಿಯ ಮೇಲೆ, ಇಂಥ ತೂಬಿನ ಬಳಿ. ಪಾಠಕ್ಕೆ ಆತುರಪಡುವ ನಾವು ಆ ಸಾಲನ್ನು ಓದುವುದೇ ಇಲ್ಲ. ಸೊರಬ ಶಿಕಾರಿಪುರಗಳ ಮಟ್ಟಿಗಾದರೂ ಆ ಸಾಲುಗಳನ್ನು ಆರಿಸಿ ಬರೆದುಕೊಂಡು, ಬೇಸಗೆಯ ರಜದಲ್ಲಿ ಕೆರೆಯ ನೀರು ಇಳಿದಿರುವಾಗ ಒಂದೊಂದು ಏರಿಯನ್ನೂ ನಡೆದು, ಯಾವ ಕಲ್ಲು ಇನ್ನೂ ಇದೆ, ಯಾವುದು ಹೂಳಿನಲ್ಲಿ ಹುಗಿದಿದೆ, ಯಾವುದನ್ನು ತೂಬಿನ ದುರಸ್ತಿಗೆ ಚಪ್ಪಡಿಯಾಗಿ ಹಾಕಿಬಿಟ್ಟಿದ್ದಾರೆ ಎಂಬುದನ್ನು ಗುರುತು ಹಾಕಬೇಕು. ಮೇಲಿನ ಕೆರೆಯ ಶಾಸನ ಹಳೆಯದೋ ಕೆಳಗಿನದರದೋ ಎಂದು ಕಣಿವೆ ಕಣಿವೆಯಾಗಿ ಹೋಲಿಸಬೇಕು. ಇಬ್ಬರು ಮೂವರು ವಿದ್ಯಾರ್ಥಿಗಳು ಎರಡು ಬೇಸಗೆಗಳಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇದು. ಅಂಬ್ಲಿಗೊಳದ ಸುತ್ತಣ ಕಣಿವೆಗಳಿಂದ ಮೊದಲುಮಾಡಬಹುದು.